ಅಜ್ಜಿಮನೆಯ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ: ಎರಡು ಯೋಜನೆ, ಕಾಸರಗೋಡಿನ ತಕ್ಕಡಿಯಲ್ಲಿ

ಹೆತ್ತವರಿಲ್ಲದ ಮಗುವನ್ನು ಸಾಕುತ್ತಿರುವ ಬಂಧುಗಳು ಕಾಸರಗೋಡು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ "ಫೋಸ್ಟರ್ ಕೇರ್ ಫಾರಂ ಕೊಡಿ" ಎಂದು ಕೇಳಿದರೆ ಮೊದಲ ಹೆಜ್ಜೆಯೇ ಅಡ್ಡದಾರಿಗೆ ಬೀಳುತ್ತದೆ. ಬಾಲ ನ್ಯಾಯ ಕಾಯ್ದೆ 2015ರಲ್ಲಿ ಫೋಸ್ಟರ್ ಕೇರ್ ಇರುವುದು 44ನೇ ಸೆಕ್ಷನ್ನಿನಲ್ಲಿ. ಮಗುವನ್ನು ಇಂಥ ಮನೆಯಲ್ಲಿ ಇರಿಸಿ ಎಂದು ಮಕ್ಕಳ ಕಲ್ಯಾಣ ಸಮಿತಿ ಆದೇಶ ಮಾಡುವ ಕ್ರಮ ಅದು. ಮಗು ಆಗಲೇ ಅಜ್ಜಿಯ ಹತ್ತಿರವೋ ಸೋದರಮಾವನ ಹತ್ತಿರವೋ ಬೆಳೆಯುತ್ತಿದ್ದರೆ ನೇರ ದಾರಿ ಸಾಕುವ ಮನೆಗೆ ಹಣದ ನೆರವು ಕೊಡುವ 45ನೇ ಸೆಕ್ಷನ್ನಿನ ಸ್ಪಾನ್ಸರ್‌ಶಿಪ್. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯ ಅರ್ಹರ ಪಟ್ಟಿಯಲ್ಲಿ "ಅನಾಥರಾಗಿ ಬಂಧುಗಳ ಜೊತೆ ಇರುವ ಮಕ್ಕಳು" ಎಂದು ಸ್ಪಷ್ಟವಾಗಿಯೇ ಇದೆ. ಎರಡರಲ್ಲೂ ಮೊತ್ತ ಒಂದೇ, ಮಗುವಿಗೆ ತಿಂಗಳಿಗೆ 4000 ರೂಪಾಯಿ. ಹಾಗಾಗಿ ಕೌಂಟರಿನಲ್ಲಿ ಕೇಳಬೇಕಾದ ಶಬ್ದ "ಸ್ಪಾನ್ಸರ್‌ಶಿಪ್".

ಹಣದ ಲೆಕ್ಕದಲ್ಲಿ ಇದಕ್ಕೆ ಒಳ್ಳೆಯ ಅಂಕವನ್ನೇ ಕೊಡಬೇಕು. ವಾತ್ಸಲ್ಯಕ್ಕೆ ಮೊದಲಿದ್ದ ಐಸಿಪಿಎಸ್ ಯೋಜನೆಯ ಕಾಲದಲ್ಲಿ 2000 ಇದ್ದದ್ದು ಈಗ ಇಮ್ಮಡಿ. ವರ್ಷಕ್ಕೆ 48,000 ಎಂದರೆ ಅಡಿಕೆ ಸುಲಿದು, ಬೀಡಿ ಕಟ್ಟಿ ಮನೆ ನಡೆಸುವವರಿಗೆ ಸಣ್ಣ ಮಾತಲ್ಲ.

ಇನ್ನೊಂದು ಯೋಜನೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ ಸ್ನೇಹಪೂರ್ವಂ. ತಂದೆ ತಾಯಿಯರಲ್ಲಿ ಒಬ್ಬರು ತೀರಿಹೋಗಿದ್ದರೂ ಇದು ಸಿಗುತ್ತದೆ. 5 ವರ್ಷದೊಳಗಿನವರಿಗೆ ಮತ್ತು 1ರಿಂದ 5ನೇ ತರಗತಿವರೆಗೆ ತಿಂಗಳಿಗೆ 300, 6ರಿಂದ 10ಕ್ಕೆ 500, ಪ್ಲಸ್ ವನ್ ಮತ್ತು ಪ್ಲಸ್ ಟೂಗೆ 750, ಡಿಗ್ರಿಗೆ 1000. ಅದೂ ವರ್ಷದಲ್ಲಿ 10 ತಿಂಗಳು ಮಾತ್ರ. ಏಳನೇ ತರಗತಿಯ ಮಗುವಿಗೆ ವರ್ಷಕ್ಕೆ 5000 ಆಯಿತು. ಪುಸ್ತಕ, ಸಮವಸ್ತ್ರ, ಒಂದು ಜೊತೆ ಚಪ್ಪಲಿಗೆ ಮುಗಿಯುವ ಹಣ.

ಆದಾಯದ ಮಿತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಾತ್ಸಲ್ಯಕ್ಕೆ ಹಳ್ಳಿಯಲ್ಲಿ ವರ್ಷಕ್ಕೆ 72,000, ಪೇಟೆಯಲ್ಲಿ 96,000. ಹಳ್ಳಿಯವರಿಗೆ ತಿಂಗಳಿಗೆ 6000 ಎಂದಾಯಿತು. ಅಜ್ಜಿ ತೊಳಿಲುರಪ್ಪಿಗೆ (ಉದ್ಯೋಗ ಖಾತ್ರಿ ಕೆಲಸಕ್ಕೆ) ಹೋದರೆ 2025-26ರಲ್ಲಿದ್ದ 369 ರೂಪಾಯಿ ಕೂಲಿಯಲ್ಲಿ 100 ದಿನಕ್ಕೆ 36,900. ಇನ್ನೂ 35,100ಕ್ಕೆ ಜಾಗ ಇದೆ; ಇಕ್ಕಟ್ಟು ಹೌದು, ಆದರೆ ನಿಭಾಯಿಸಬಹುದು. ಸ್ನೇಹಪೂರ್ವಂನ ಮಿತಿ ಮಾತ್ರ ಈ ಕಾಲದ್ದಲ್ಲ: ಪಂಚಾಯತಿನಲ್ಲಿ 20,000, ನಗರಸಭೆಯಲ್ಲಿ 22,375. (ಆ ಕೊನೆಯ 375 ಯಾರ ಲೆಕ್ಕವೋ!) ಉದ್ಯೋಗ ಖಾತ್ರಿಯ ನೂರು ದಿನ ಪೂರ್ತಿ ದುಡಿದವರ ಸಂಪಾದನೆಯೇ ಆ ಗೆರೆ ದಾಟುತ್ತದೆ. ಅದಕ್ಕೇ ಇಲ್ಲಿ ಆದಾಯ ಪತ್ರದ ಬದಲು ಬಿಪಿಎಲ್ ರೇಷನ್ ಕಾರ್ಡಿನ ದಾರಿ ಹಿಡಿಯುವುದು ಜಾಣತನ.

ರೇಷನ್ ಕಾರ್ಡೇ ಮೊದಲ ತೊಡಕೂ ಹೌದು. ಮಗುವಿನ ಹೆಸರು ಇನ್ನೂ ತೀರಿಹೋದ ಅಪ್ಪನ ಕಾರ್ಡಿನಲ್ಲೇ ಇರುತ್ತದೆ, ಸಾಕುವುದು ಅಜ್ಜಿ. ಅರ್ಜಿ ಹಾಕುವ ಮೊದಲೇ ಅಕ್ಷಯ ಕೇಂದ್ರದಲ್ಲಿ (ಕೇರಳದ ಸರ್ಕಾರಿ ಆನ್‌ಲೈನ್ ಸೇವಾ ಕೇಂದ್ರ) ಹೆಸರನ್ನು ಅಜ್ಜಿಯ ಕಾರ್ಡಿಗೆ ಬದಲಾಯಿಸಿಕೊಳ್ಳಿ. ಅದೇ ಕಾರ್ಡಿನಲ್ಲಿ ಗಲ್ಫಿನಲ್ಲಿರುವ ಮಾವನ ಹೆಸರೂ ಇದ್ದರೆ ವಿಲೇಜ್ ಆಫೀಸಿನಲ್ಲಿ ಅವನ ಸಂಪಾದನೆಯ ಪ್ರಶ್ನೆ ಏಳದೆ ಇರದು. ಅವನು ನಿಜವಾಗಿ ಬೇರೆ ಸಂಸಾರ ಹೂಡಿದ್ದರೆ ಕಾರ್ಡೂ ಬೇರೆಯಾಗಿರಲಿ.

ಎರಡನೆಯ ತೊಡಕು ಗಡಿಯದು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರ ಹೆರಿಗೆಯೂ ಮಂಗಳೂರಿನಲ್ಲಿ, ಎಷ್ಟೋ ಸಲ ಸಾವೂ ಅಲ್ಲಿಯ ಆಸ್ಪತ್ರೆಯಲ್ಲಿ. ಜನನ ಮರಣ ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ. ಮಂಗಳೂರಿನಲ್ಲಿ ತೀರಿಹೋದವರ ಮರಣಪತ್ರಕ್ಕೆ ನಿಮ್ಮ ಪಂಚಾಯತಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಕರ್ನಾಟಕದ ಜನನ ಮರಣ ನೋಂದಣಿಯ ಇ-ಜನ್ಮ ದಾಖಲೆಯಿಂದಲೇ ತರಬೇಕು. ಅರ್ಜಿ ಮಾತ್ರ ಮಗು ಈಗ ವಾಸವಾಗಿರುವ ಜಿಲ್ಲೆಯಲ್ಲಿ. ಮಗು ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿದ್ದರೆ ದಕ್ಷಿಣ ಕನ್ನಡದ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು, ಕಾಸರಗೋಡಿನದಕ್ಕಲ್ಲ.

ಇನ್ನು ಹೆಸರಿನ ಗೋಳು. ಮಂಗಳೂರಿನ ಜನನಪತ್ರದಲ್ಲಿ ತಂದೆ "ರಾಮಣ್ಣ", ಶಾಲೆಯ ದಾಖಲೆಯಲ್ಲಿ "ರಾಮ ಬಿ.", ಮಲಯಾಳದಲ್ಲಿ ಬರೆದ ಕಾಗದದಲ್ಲಿ "ರಾಮನ್". ಮೂವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಫೈಲಿಗೆ ಗೊತ್ತಿಲ್ಲ. ಇದಕ್ಕೆ ವಿಲೇಜ್ ಆಫೀಸಿನಿಂದ "ಒಬ್ಬನೇ ವ್ಯಕ್ತಿ" ಎಂಬ ಪ್ರಮಾಣಪತ್ರ ಸಿಗುತ್ತದೆ, ಅಜ್ಜಿ ಮೊಮ್ಮಗು ಎಂಬುದಕ್ಕೆ ಸಂಬಂಧ ಪ್ರಮಾಣಪತ್ರ. ಎರಡಕ್ಕೂ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ; ಅಕ್ಷಯದಲ್ಲಿ ಆದಾಯ ಪತ್ರದ ಜೊತೆ ಒಂದೇ ದಿನ ಮೂರನ್ನೂ ಹಾಕಿದರೆ ತಿರುಗಾಟ ಉಳಿಯುತ್ತದೆ. ಮೊದಲು ವಿಲೇಜ್ ಆಫೀಸು, ಆಮೇಲೆ ಸಿವಿಲ್ ಸ್ಟೇಷನ್. ತಿರುವುಮುರುವು ಮಾಡಿದವರೇ ಬಸ್ಸಿಗೆ ದುಡ್ಡು ಸುರಿಯುವುದು.

ಘಟಕಕ್ಕೆ ಅರ್ಜಿ ಕೊಟ್ಟ ಮೇಲೆ ಮನೆ ಭೇಟಿ. ಬರುವವರು ಮನೆಯ ಚಂದ ನೋಡಲು ಬರುವುದಲ್ಲ. ಮಗು ಮಲಗುವುದೆಲ್ಲಿ, ಶಾಲೆಗೆ ಹೋಗುತ್ತಿದೆಯೇ, ಯಾರಿಗೆ ಹೆದರುತ್ತಿದೆ, ಇದನ್ನೇ ನೋಡುವುದು. ಟಿವಿ ಮುಚ್ಚಿಡುವುದು, ಫ್ರಿಜ್ ಪಕ್ಕದ ಮನೆಗೆ ಸಾಗಿಸುವುದು ಬೇಡ. ಆದರೆ ಹನ್ನೆರಡರ ಹುಡುಗಿ ಮೊರ ಮಡಿಲಲ್ಲಿಟ್ಟು ಅಜ್ಜಿಯ ಜೊತೆ ಬೀಡಿ ಸುತ್ತುತ್ತಿದ್ದರೆ ವರದಿಯ ದಿಕ್ಕೇ ಬೇರೆಯಾಗುತ್ತದೆ. ಆಮೇಲೆ ಮಕ್ಕಳ ಕಲ್ಯಾಣ ಸಮಿತಿ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಅನುಮೋದನಾ ಸಮಿತಿ.

ಸತ್ತವರ ಮಕ್ಕಳಿಗಿಂತ ಬಿಟ್ಟು ಹೋದವರ ಮಕ್ಕಳ ಫೈಲು ಕಷ್ಟ, ಏಕೆಂದರೆ ತೋರಿಸಲು ಮರಣಪತ್ರ ಇಲ್ಲ. ಅಂಥಲ್ಲಿ ತಂದೆ ಯಾವ ವರ್ಷದಿಂದ ಮನೆಗೆ ಬಂದಿಲ್ಲ, ಖರ್ಚಿಗೆ ಕೊಟ್ಟಿದ್ದಾನೋ ಇಲ್ಲವೋ, ತಾಯಿ ಎಲ್ಲಿದ್ದಾಳೆ ಎಂಬುದನ್ನು ಇಸವಿ ಸಮೇತ ಬರೆಯಿರಿ. ಒಂದು ಶಬ್ದದ ಬಗ್ಗೆ ಎಚ್ಚರ: "ತಾಯಿ ಮಗುವನ್ನು ಸರೆಂಡರ್ ಮಾಡಿದ್ದಾಳೆ" ಎಂದು ಬರೆಯಬೇಡಿ. ಕಾಯ್ದೆಯ 35ನೇ ಸೆಕ್ಷನ್ನಿನಲ್ಲಿ ಅದು ಮಗುವನ್ನು ಕಾಯಂ ಬಿಟ್ಟುಕೊಡುವ ಪತ್ರ, ಮನಸ್ಸು ಬದಲಾಯಿಸಲು 60 ದಿನ ಮಾತ್ರ. ನಿಮ್ಮ ಉದ್ದೇಶ ಅದಲ್ಲ. ಎಣ್ಮಕಜೆ, ಬೆಳ್ಳೂರು ಕಡೆ ಎಂಡೋಸಲ್ಫಾನ್‌ನಿಂದ ಹಾಸಿಗೆ ಹಿಡಿದ ತಂದೆ ತಾಯಿಯರ ಮಕ್ಕಳಿಗೆ ಬೇರೆ ಕಲಂ ಇದೆ: ಹೆತ್ತವರು ಅಶಕ್ತರಾಗಿದ್ದರೂ, ಜೀವಕ್ಕೆ ಅಪಾಯದ ಕಾಯಿಲೆಯವರಾಗಿದ್ದರೂ ವಾತ್ಸಲ್ಯ ಅನ್ವಯಿಸುತ್ತದೆ. ವೈದ್ಯಕೀಯ ದಾಖಲೆಯನ್ನು ಅರ್ಜಿಯ ಜೊತೆಗೇ ಲಗತ್ತಿಸಿ.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. 1969ರ ಕೇರಳ ರಾಜ್ಯಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಮಲಯಾಳದ ಫಾರಂನಲ್ಲಿ ಅರ್ಥವಾಗದ ಜಾಗಕ್ಕೆ ಹೆಬ್ಬೆಟ್ಟು ಒತ್ತುವ ಬದಲು ಕನ್ನಡದಲ್ಲಿ ಒಂದು ಪುಟ ಬರೆದು ಲಗತ್ತಿಸಿ, ನಕಲಿನ ಮೇಲೆ ತಾರೀಖಿನ ಮೊಹರು ಹಾಕಿಸಿಕೊಳ್ಳಿ.

ಹಣ ನಿಲ್ಲುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ಪಾಸ್‌ಬುಕ್ ಇದ್ದ ಮಾತ್ರಕ್ಕೆ ಜೋಡಣೆ ಆಗಿದೆ ಎಂದಲ್ಲ, ಬ್ಯಾಂಕಿನಲ್ಲಿ ಕೇಳಿ ನೋಡಿ. ಶಾಲೆಗೆ 30 ದಿನಕ್ಕಿಂತ ಹೆಚ್ಚು ಗೈರಾದರೆ ತಡೆ; ವಿಶೇಷ ಚೇತನ ಮಕ್ಕಳಿಗೆ ಇದರಲ್ಲಿ ವಿನಾಯಿತಿ ಇದೆ. ಮೂರನೆಯದು ಹಾಸ್ಟೆಲ್. ಚೆನ್ನಾಗಿ ಓದಲಿ ಎಂದು ಮಗುವನ್ನು ಗಡಿಯಾಚೆಯ ಹಾಸ್ಟೆಲಿಗೆ ಸೇರಿಸಿದರೆ ಸ್ಪಾನ್ಸರ್‌ಶಿಪ್ ಮುಗಿಯಿತು, ಏಕೆಂದರೆ ಇದು ಮನೆಯಲ್ಲಿ ಸಾಕುವುದಕ್ಕೆ ಕೊಡುವ ಹಣ. ತಿಂಗಳ ಒಂದನೇ ತಾರೀಖಿಗೆ ಸಂಬಳದ ಹಾಗೆ ಬೀಳುತ್ತದೆ ಎಂದು ನಂಬಿ ಚಿಟ್‌ಫಂಡಿಗೆ ಸೇರುವುದೂ ಬೇಡ.

ಸ್ನೇಹಪೂರ್ವಂಗೆ ನೀವು ಕಚೇರಿಗೆ ಅಲೆಯಬೇಕಾಗಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರೇ ಆನ್‌ಲೈನಿನಲ್ಲಿ ಹಾಕಬೇಕು. ಮಗು ಶಾಲೆಗೆ ಸೇರುವ ವಯಸ್ಸಿನದಲ್ಲದಿದ್ದರೆ ಅಂಗನವಾಡಿ ಟೀಚರನ್ನು ಹಿಡಿಯಿರಿ. ಮೊತ್ತ ಚಿಕ್ಕದಾದರೂ ಇದನ್ನು ಕೈಬಿಡಬಾರದು. ವಾತ್ಸಲ್ಯದ 4000 ವಯಸ್ಸು ನೋಡುತ್ತದೆ, 18 ತುಂಬಿದೊಡನೆ ನಿಲ್ಲುತ್ತದೆ, ಮಗು ಪ್ಲಸ್ ಟೂ ನಡುವಿನಲ್ಲಿದ್ದರೂ ಸರಿ. ಸ್ನೇಹಪೂರ್ವಂ ತರಗತಿ ನೋಡುತ್ತದೆ. 18 ತುಂಬುವ ವರ್ಷದ ಜೂನಿನಲ್ಲೇ ಮರಣಪತ್ರ, ಕಾರ್ಡು, ಪಾಸ್‌ಬುಕ್ಕಿನ ನಕಲನ್ನು ಶಾಲೆಯ ಆಫೀಸಿಗೆ ಕೊಟ್ಟಿದ್ದರೆ ಪ್ಲಸ್ ಟೂ ಮುಗಿಯುವವರೆಗೆ 750, ಡಿಗ್ರಿಗೆ ಸೇರಿದ ಮೇಲೆ 1000.