ಗಂಡನನ್ನು ಗೆಸ್ಟಾಪೋ ಕೈಯಿಂದ ಬಿಡಿಸಿಕೊಂಡು ಬಂದವಳು: ‘ಲೂಸಿ ಓಬ್ರಾಕ್’ ಸಿನಿಮಾ

ಯುದ್ಧಕಾಲದ ಪ್ರೇಮಕಥೆಗಳನ್ನು ನಾನು ಹುಡುಕಿಕೊಂಡು ಹೋಗಿ ನೋಡುತ್ತೇನೆ. ಆದರೆ ಅವುಗಳ ಮೇಲೆ ನನ್ನದೊಂದು ತಕರಾರು ಇದೆ. ಅರ್ಧ ಸಿನಿಮಾ ಆಗುವಷ್ಟರಲ್ಲಿ ಪ್ರೀತಿ ಮುಖ್ಯವೋ ದೇಶ ಮುಖ್ಯವೋ ಅನ್ನುವ ಪ್ರಶ್ನೆ ಬರುತ್ತದೆ, ಯಾರಾದರೂ ಒಬ್ಬರು ಪ್ರೀತಿ ಬಿಟ್ಟುಕೊಡುತ್ತಾರೆ, ನಾವು ಅಳುತ್ತೇವೆ. 1997ರ ಫ್ರೆಂಚ್ ಸಿನಿಮಾ ‘ಲೂಸಿ ಓಬ್ರಾಕ್’ನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಗಂಡ ಹೆಂಡತಿ ಇಬ್ಬರೂ ನಾಜಿಗಳ ವಿರುದ್ಧ ಗುಟ್ಟಾಗಿ ಕೆಲಸ ಮಾಡುವವರು. ಗಂಡ ಸಿಕ್ಕಿಬೀಳುತ್ತಾನೆ, ಹೆಂಡತಿ ಬಿಡಿಸಿಕೊಂಡು ಬರುತ್ತಾಳೆ. ಒಂದಲ್ಲ, ಎರಡು ಸಲ. ಮತ್ತು ಇದು ನಿಜವಾಗಿ ನಡೆದದ್ದು. ಲೂಸಿ ತಾನೇ ಬರೆದ ನೆನಪಿನ ಪುಸ್ತಕದಿಂದ ನಿರ್ದೇಶಕ ಕ್ಲೋಡ್ ಬೆರ್ರಿ ಇದನ್ನು ಸಿನಿಮಾ ಮಾಡಿದ್ದಾರೆ.

ಊರು ಲಿಯಾನ್, ವರ್ಷ 1943. ಫ್ರಾನ್ಸಿನ ದಕ್ಷಿಣ ಭಾಗ ಮೊದಲೆರಡು ವರ್ಷ ಹೆಸರಿಗಾದರೂ ವಿಶಿ ಸರ್ಕಾರದ, ಅಂದರೆ ಜರ್ಮನಿಯ ಜೊತೆ ಕೈಜೋಡಿಸಿದ್ದ ಫ್ರೆಂಚ್ ಸರ್ಕಾರದ, ಕೈಯಲ್ಲಿತ್ತು. 1942ರ ನವೆಂಬರಿನಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು, ಅದರ ಹಿಂದೆಯೇ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೋ ಕೂಡ. ಲೂಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುವ ಟೀಚರ್. ರೇಮಂಡ್ ಇಂಜಿನಿಯರ್, ಯಹೂದಿ. ಅವನ ನಿಜವಾದ ಮನೆತನದ ಹೆಸರು ಸಾಮ್ಯುಯೆಲ್. ಓಬ್ರಾಕ್ ಅನ್ನುವುದು ಗುಟ್ಟಿನ ಕೆಲಸಕ್ಕೆ ಇಟ್ಟುಕೊಂಡ ಹೆಸರು, ಯುದ್ಧ ಮುಗಿದ ಮೇಲೂ ಅದೇ ಉಳಿಯಿತು. ಮನೆಯಲ್ಲಿ ಒಬ್ಬ ಪುಟ್ಟ ಮಗ. ಹಗಲು ಪಾಠ, ಅಡುಗೆ, ಮಗು. ರಾತ್ರಿ ರೈಲು ಉಡಾಯಿಸುವುದು, ಸುಳ್ಳು ಕಾಗದಪತ್ರ ಸಾಗಿಸುವುದು. ಈ ಎರಡೂ ಒಂದೇ ಮನೆಯಲ್ಲಿ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಸಿನಿಮಾ ಅವಸರವಿಲ್ಲದೆ ತೋರಿಸುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದು.

ಇಬ್ಬರ ನಡುವೆ ಒಂದು ಮಾತಿರುತ್ತದೆ, ಏನೇ ಆದರೂ ಮೇ 14ರಂದು ಜೊತೆಯಲ್ಲಿರಬೇಕು ಅಂತ. ಅದು ಅವರ ಪ್ರೀತಿ ಶುರುವಾದ ದಿನ. ರೇಮಂಡ್ ಮೊದಲ ಸಲ ಸಿಕ್ಕಿಬಿದ್ದಾಗ ಲೂಸಿ ಸರ್ಕಾರಿ ವಕೀಲನ ಎದುರೇ ನಿಂತು ಧಮಕಿ ಹಾಕುತ್ತಾಳೆ, ಇಂಥ ದಿನದೊಳಗೆ ಬಿಡದಿದ್ದರೆ ನಿನ್ನ ಜೀವ ಉಳಿಯುವುದಿಲ್ಲ ಅಂತ. ಆ ದಿನ ಯಾವುದು ಅಂತ ಗೊತ್ತಾಯಿತಲ್ವಾ? ಪ್ರೇಮದ ಹಾಡು, ಮಳೆ, ಪತ್ರ ಏನೂ ಇಲ್ಲದೆ ಒಂದು ತಾರೀಖಿನಲ್ಲಿ ಇಷ್ಟು ಪ್ರೀತಿ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೇ ಬಂಧನ ಅಷ್ಟು ಸುಲಭದ್ದಲ್ಲ. 1943ರ ಜೂನ್ 21ರಂದು ಲಿಯಾನ್ ಪಕ್ಕದ ಕಲ್ವೀರ್‌ನಲ್ಲಿ, ಒಬ್ಬ ಡಾಕ್ಟರ ಮನೆಯಲ್ಲಿ, ನಾಜಿಗಳ ವಿರುದ್ಧದ ಗುಟ್ಟಿನ ಹೋರಾಟದ ಮುಖ್ಯಸ್ಥರು ಸಭೆ ಸೇರಿದ್ದರು. ಗೆಸ್ಟಾಪೋ ದಾಳಿ ಮಾಡಿತು. ಸಿಕ್ಕಿಬಿದ್ದವರಲ್ಲಿ ರೇಮಂಡ್ ಜೊತೆ ಜಾನ್ ಮೂಲಾಂ ಕೂಡ ಇದ್ದರು. ಚದುರಿಹೋಗಿದ್ದ ಗುಂಪುಗಳನ್ನೆಲ್ಲ ಒಂದು ಮಾಡಲು, ಲಂಡನ್‌ನಲ್ಲಿದ್ದುಕೊಂಡು ಫ್ರೆಂಚ್ ಹೋರಾಟ ನಡೆಸುತ್ತಿದ್ದ ಜನರಲ್ ದ ಗಾಲ್ ಕಳಿಸಿದ್ದ ಮನುಷ್ಯ ಅವರು. ಚಿತ್ರಹಿಂಸೆಯಿಂದ ಮೂರು ವಾರದೊಳಗೆ ತೀರಿಕೊಂಡರು. ಹಿಂಸೆ ಕೊಟ್ಟವನು ಲಿಯಾನ್ ಗೆಸ್ಟಾಪೋದ ಕ್ಲೌಸ್ ಬಾರ್ಬಿ. ಸಿನಿಮಾದಲ್ಲಿ ಮೂಲಾಂ ಪಾತ್ರವನ್ನು ಪಾತ್ರೀಸ್ ಶೆರೋ ಮಾಡಿದ್ದಾರೆ, ಬಾರ್ಬಿಯಾಗಿ ಹೈನೋ ಫೆರ್ಷ್.

ಈಗ ಬರುತ್ತದೆ ನೋಡಿ ಸಿನಿಮಾದ ಜೀವ. ಲೂಸಿ ಸುಳ್ಳು ಹೆಸರು ಹೇಳಿಕೊಂಡು, ಚೆನ್ನಾಗಿ ಬಟ್ಟೆ ಹಾಕಿಕೊಂಡು, ನೇರವಾಗಿ ಬಾರ್ಬಿಯ ಆಫೀಸಿಗೇ ಹೋಗುತ್ತಾಳೆ. ನಾನು ದೊಡ್ಡ ಮನೆತನದ ಹುಡುಗಿ, ನೀವು ಹಿಡಿದಿರುವವನನ್ನು ಮದುವೆ ಆಗಬೇಕಿತ್ತು, ಈಗ ನಾನು ಗರ್ಭಿಣಿ ಅಂತಾಳೆ. ಬಾರ್ಬಿ ಬೈದು ಅಟ್ಟುತ್ತಾನೆ. ಅವಳು ಬಿಡುವುದಿಲ್ಲ, ಇನ್ನೊಬ್ಬ ಜರ್ಮನ್ ಅಧಿಕಾರಿಯನ್ನು ಹಿಡಿಯುತ್ತಾಳೆ. ಸಾವಿನ ಅಂಚಿನಲ್ಲಿರುವವರಿಗೂ ಮದುವೆ ಮಾಡಿಸಲು ಫ್ರಾನ್ಸಿನ ಕಾನೂನಿನಲ್ಲಿ ಅವಕಾಶ ಇದೆ. ಅವನನ್ನು ಕೊಲ್ಲುವುದಾದರೆ ಕೊಲ್ಲಿ, ಅದಕ್ಕೂ ಮೊದಲು ಮದುವೆ ಮಾಡಿಸಿ, ನನ್ನ ಮಗುವಿಗೆ ಅಪ್ಪನ ಹೆಸರು ಬೇಕು ಅಂತ ಕೇಳುತ್ತಾಳೆ. ಗರ್ಭಿಣಿ ಅನ್ನುವುದು ಮಾತ್ರ ನಿಜ. ಮದುವೆ ಆಗಿ ನಾಲ್ಕು ವರ್ಷವಾಗುತ್ತಾ ಬಂದಿತ್ತು!

ಇದನ್ನು ನಾನು ಎರಡನೇ ಸಲ ನೋಡಿದ್ದು ಅಮ್ಮನ ಜೊತೆ. ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಲು ಅವರಿಗೆ ಆಗುವುದಿಲ್ಲ, ಪಕ್ಕದಲ್ಲಿ ಕೂತು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ಜಾಗಕ್ಕೆ ಬಂದಾಗ ಅಮ್ಮ ನನ್ನ ಕೈ ಹಿಡಿದು, “ಇದು ಸಾವಿತ್ರಿ ಕಥೆ ಕಣೇ” ಅಂದರು. ನನಗೆ ಮೈ ಜುಮ್ಮೆಂದಿತು. ಸಾವಿತ್ರಿಯೂ ಮಕ್ಕಳಾಗುವ ವರ ಕೇಳಿಯೇ ಅಲ್ವಾ ಯಮನನ್ನು ಕಟ್ಟಿಹಾಕಿದ್ದು! ಗಂಡನೇ ಇಲ್ಲದೆ ಮಕ್ಕಳು ಎಲ್ಲಿಂದ ಬರಬೇಕು? ಆದರೆ ಯಮ ಧರ್ಮರಾಜ, ಕೊಟ್ಟ ಮಾತು ಉಳಿಸಿಕೊಂಡ. ಬಾರ್ಬಿಯ ಹತ್ತಿರ ಧರ್ಮ ಎಲ್ಲಿತ್ತು? ಅದು ಲೂಸಿಗೂ ಗೊತ್ತು. ಹಾಗಾಗಿ ಮದುವೆ ಅವಳಿಗೆ ಒಂದು ದಾರಿ ಮಾತ್ರ. ಮದುವೆ ಆಗಬೇಕು ಅಂದರೆ ರೇಮಂಡ್‌ನನ್ನು ಮೊಂಲ್ಯೂಕ್ ಜೈಲಿನಿಂದ ಗೆಸ್ಟಾಪೋ ಆಫೀಸಿಗೆ ಕರೆತರಬೇಕು, ಮತ್ತೆ ವಾಪಸ್ ಒಯ್ಯಬೇಕು. ಯಾವ ದಿನ, ಯಾವ ಹೊತ್ತಿಗೆ ಅಂತ ಗೊತ್ತಾದರೆ ಸಾಕು, ಉಳಿದದ್ದು ಬಂದೂಕಿನ ಕೆಲಸ.

ಅಕ್ಟೋಬರ್ 21ರ ಆ ಸಂಜೆಯ ದೃಶ್ಯವನ್ನು ಬೆರ್ರಿ ಕಡಿಮೆ ಸದ್ದಿನಲ್ಲಿ ಮಾಡಿದ್ದಾರೆ. ಕೈದಿಗಳ ಲಾರಿ, ಹಿಂದೆ ಪಕ್ಕದಲ್ಲಿ ಕಾರುಗಳು, ಸೈಲೆನ್ಸರ್ ಹಾಕಿದ ಬಂದೂಕು. ನಿಜವಾದ ದಾಳಿಯಲ್ಲಿ ಬಿಡುಗಡೆಯಾದ ಕೈದಿಗಳು 14 ಜನ. ಲೂಸಿಗೆ ಆಗ ಐದು ತಿಂಗಳು ದಾಟಿತ್ತು, ಆದರೂ ಕಾರಿನಲ್ಲಿ ಅವಳಿದ್ದಳು. ದಾಳಿಯ ಗಡಿಬಿಡಿಯಲ್ಲಿ ರೇಮಂಡ್‌ನ ಕೆನ್ನೆಗೆ ಗುಂಡು ತಾಗಿತು.

ಇಷ್ಟೆಲ್ಲ ಇಷ್ಟಪಟ್ಟ ಮೇಲೂ ಸಿನಿಮಾದ ಮೇಲೆ ನನಗೆ ಸಿಟ್ಟೂ ಇದೆ. ಆ ಅಕ್ಟೋಬರಿನಲ್ಲಿ ಲೂಸಿಗೆ 31 ವರ್ಷ, ರೇಮಂಡ್‌ಗೆ 29. ಇನ್ನೂ ಹುಡುಗ ಹುಡುಗಿ ಅಂತಲೇ ಹೇಳಬಹುದು. ಲೂಸಿಯಾಗಿ ನಟಿಸಿದ ಕಾರೋಲ್ ಬೂಕೆಗೆ ಆಗಲೇ ನಲವತ್ತರ ಹತ್ತಿರ, ರೇಮಂಡ್ ಆದ ಡೇನಿಯಲ್ ಓತೈ ಅದಕ್ಕಿಂತ ದೊಡ್ಡವರು. ನಟನೆಯಲ್ಲಿ ತಪ್ಪು ಹುಡುಕುತ್ತಿಲ್ಲ, ಓತೈ ಜೈಲಿನಲ್ಲಿ ಸುಮ್ನೆ ಗೋಡೆಗೆ ಒರಗಿ ಕೂತರೂ ನಮಗೆ ಸಂಕಟ ಆಗುತ್ತದೆ. ಆದರೆ ಪ್ರಾಯದ ಆ ಹುಚ್ಚು ಧೈರ್ಯ, ಏನಾದರಾಗಲಿ ನೋಡೇಬಿಡೋಣ ಅನ್ನುವ ಗುಣ, ಅದು ಕಾಣುವುದಿಲ್ಲ. ಬೂಕೆ ತುಂಬಾ ಸುಂದರಿ, ತುಂಬಾ ಸಮಾಧಾನಿ. ಒಂದು ದೃಶ್ಯದಲ್ಲಾದರೂ ಅವರ ಕೈ ನಡುಗಬೇಕಿತ್ತು. ಲಿಯಾನ್ ಕೂಡ ಜಾಸ್ತಿ ಚೊಕ್ಕಟವಾಗಿದೆ. ರೇಷನ್ನಿನಲ್ಲಿ ಬದುಕುವ ಊರು ಅಂತ ಅನ್ನಿಸುವುದೇ ಇಲ್ಲ, ಕೋಟುಗಳೆಲ್ಲ ಈಗಷ್ಟೇ ಇಸ್ತ್ರಿ ಮಾಡಿದ ಹಾಗಿವೆ.

ಇನ್ನೊಂದು ವಿಷಯ ಹೇಳಲೇಬೇಕು. ಸಿನಿಮಾ ಬಂದ ವರ್ಷವೇ ಫ್ರಾನ್ಸಿನಲ್ಲಿ ಈ ದಂಪತಿಯ ಮೇಲೆ ಅನುಮಾನ ಹುಟ್ಟಿಸುವ ಪುಸ್ತಕವೂ ಬಂತು. ಹಳೆಯ ಹೇಳಿಕೆಗಳಲ್ಲಿ ಒಂದಕ್ಕೊಂದು ತಾಳೆಯಾಗದ ವಿವರಗಳಿದ್ದವು ಅನ್ನುವುದು ನಿಜ, ಇತಿಹಾಸಕಾರರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಆದರೆ ಆ ಪುಸ್ತಕ ಬರೆದವರಿಗೆ ಕೋರ್ಟು ಮಾನಹಾನಿಗಾಗಿ ಶಿಕ್ಷೆ ಕೊಟ್ಟಿತು. ದಿನಕ್ಕೊಂದು ಹೆಸರು, ಮನೆಗೊಂದು ಸುಳ್ಳು ಹೇಳಿಕೊಂಡು ಬದುಕಿದವರಿಗೆ ನಲವತ್ತು ವರ್ಷದ ಮೇಲೆ ಒಂದೆರಡು ವಿವರ ಆಚೀಚೆ ಆದರೆ ನಾನಂತೂ ಅವರನ್ನು ಅನುಮಾನಿಸಲಾರೆ. ಬಾರ್ಬಿ ಮಾತ್ರ ಬೊಲಿವಿಯಾದಲ್ಲಿ ವರ್ಷಗಟ್ಟಲೆ ಆರಾಮಾಗಿದ್ದ. 1987ರಲ್ಲಿ ಅದೇ ಲಿಯಾನ್‌ನಲ್ಲಿ ವಿಚಾರಣೆ ನಡೆದು ಜೀವಾವಧಿ ಶಿಕ್ಷೆ ಆಯಿತು.

ಬೆರ್ರಿ ಸ್ವತಃ ಯಹೂದಿ, ಹುಡುಗನಾಗಿದ್ದಾಗ ಇದೇ ಯುದ್ಧದಲ್ಲಿ ಬಚ್ಚಿಟ್ಟುಕೊಂಡು ಬದುಕಿದವರು. ಬಾಗಿಲು ತಟ್ಟಿದ ಸದ್ದಿಗೆ ಮನೆಯವರೆಲ್ಲ ಸ್ತಬ್ಧರಾಗುವ ಆ ಕ್ಷಣಗಳು ಅಷ್ಟು ನಿಜ ಅನ್ನಿಸುವುದು ಅದಕ್ಕೇ ಇರಬೇಕು.

ನೋಡಿ ಅಂತಲೇ ಹೇಳುತ್ತೇನೆ. ಎರಡು ಗಂಟೆಯೂ ಇಲ್ಲ. ಹೊಡೆದಾಟ ಬೇಕು ಅನ್ನುವವರಿಗೆ ನಿಧಾನ ಅನ್ನಿಸಬಹುದು.

ಮುಗಿದ ಮೇಲೆ ಅಮ್ಮ ಮೊದಲು ಕೇಳಿದ್ದು ಮಗು ಏನಾಯಿತು ಅಂತ. ಓದಿಕೊಂಡಿದ್ದನ್ನು ಹೇಳಿದೆ. ತಿಂಗಳುಗಟ್ಟಲೆ ಅಡಗಿಕೊಂಡಿದ್ದು, 1944ರ ಫೆಬ್ರವರಿಯಲ್ಲಿ ಒಂದು ರಾತ್ರಿ ಅವರನ್ನು ಲಂಡನ್‌ಗೆ ಒಯ್ಯಲು ಬ್ರಿಟಿಷ್ ವಿಮಾನ ಬಂತು. ಇಳಿದ ಗದ್ದೆಯಲ್ಲಿ ಅದು ಕೆಸರಿಗೆ ಹೂತುಹೋಯಿತು. ಊರಿನವರು ಎತ್ತು, ಕುದುರೆ ಕಟ್ಟಿ ಎಳೆದರು. ಕೆಲವೇ ದಿನದಲ್ಲಿ, ಫೆಬ್ರವರಿ 12ಕ್ಕೆ, ಲಂಡನ್‌ನಲ್ಲಿ ಹೆಣ್ಣುಮಗು ಹುಟ್ಟಿತು. ಕ್ಯಾಥರೀನ್ ಅಂತ ಹೆಸರಿಟ್ಟರು.

“ತುಂಬಿದ ಬಸುರಿನಲ್ಲಿ, ಆ ಕೆಸರಲ್ಲಿ, ಎತ್ತು ಕಟ್ಟಿ ವಿಮಾನ ಎಳೆದರಾ? ಅದನ್ನೇ ಯಾಕೆ ತೋರಿಸಲಿಲ್ಲ ಇವರು?” ಅಂದರು ಅಮ್ಮ. ನನಗೂ ಅದೇ ಬೇಜಾರು.