ಎರಡು ಕ್ವಾಯರ್ ರಿಜಿಸ್ಟರ್: ಅಡಿಕೆ ವಖಾರಿಯಿಂದ ನಿವೃತ್ತರಾಗುವವರು ಕೊಳ್ಳಬಹುದೇ?

ಶಿರಸಿಯ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ರಟ್ಟಿನ ಬೈಂಡಿನ ಉದ್ದ ರಿಜಿಸ್ಟರನ್ನು ಹಾಜರಿಗೆ, ಆವಕ-ಜಾವಕಕ್ಕೆ ಒಯ್ಯುವವರೇ ಹೆಚ್ಚು. ಇಲ್ಲಿ ಅದನ್ನು ಬೇರೊಂದು ಕೆಲಸಕ್ಕಾಗಿ ನೋಡಿದ್ದು. ಇಪ್ಪತ್ತು, ಮೂವತ್ತು ವರ್ಷ ಅಡಿಕೆ ವ್ಯಾಪಾರ ಅಂಗಳ ಸಂಭಾಳಿಸಿದವರು ಹೋಗುವ ಮೊದಲು ತಮ್ಮ ಕೆಲಸವನ್ನು ಬರೆದು ಮುಂದಿನವರ ಕೈಗೆ ಕೊಡಲು ಇದು ಆದೀತೇ? ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘವಾದ ಟಿಎಸ್‌ಎಸ್ 1923ರಲ್ಲಿ ಶುರುವಾದ ಊರಿದು. ಒಂದೇ ಅಂಗಳದಲ್ಲಿ ತಲೆ ಹಣ್ಣಾದವರಿಗೆ ಇಲ್ಲಿ ಬರವಿಲ್ಲ. ಉತ್ತರ: ಆದೀತು. ದಪ್ಪದ್ದು ಮಾತ್ರ ಬೇಡ.

ಒಂದು ಕ್ವಾಯರ್ ಎಂದರೆ ಸಾಮಾನ್ಯವಾಗಿ 96 ಪುಟ. ನಾಲ್ಕು ಕ್ವಾಯರಿನದು ಕೈಗೆ ಸಿಕ್ಕರೆ ಬರೆಯುವವರು ಚರಿತ್ರೆಗೆ ಕೂರುತ್ತಾರೆ: ಗೋದಾಮು ಕಟ್ಟಿದ್ದು ಯಾವಾಗ, ಆಗ ಅಧ್ಯಕ್ಷರು ಯಾರು, ಯಾವ ವರ್ಷ ದರ ಎಷ್ಟಕ್ಕೆ ಏರಿತ್ತು. ಹೊಸಬರಿಗೆ ಬೇಕಾದ್ದು ಖರೀದಿದಾರರು ದರ ಹಾಕುವ ಟೆಂಡರ್ ದಿನ ಬೆಳಿಗ್ಗೆ ಯಾವ ಬಾಗಿಲು ಮೊದಲು ತೆಗೆಯಬೇಕು ಎನ್ನುವುದು. ಎರಡು ಕ್ವಾಯರ್, 192 ಪುಟ, ಸಾಕು. ಬೆಲೆಯೂ ಒಂದು ಕೆಜಿ ಚಾಲಿಯ (ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ದರದೊಳಗೇ ಮುಗಿಯುತ್ತದೆ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಹೊಲಿಗೆ. ನಡುವಿನ ಪುಟ ಬಿಡಿಸಿ ಮೇಜಿನ ಮೇಲಿಡಿ. ದಾರ ಕಾಣಿಸಿ ಪುಸ್ತಕ ಮಟ್ಟಸವಾಗಿ ಮಲಗಿದರೆ ಒಳ್ಳೆಯದು. ಬರೀ ಅಂಟು ಹಾಕಿದ್ದಾದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಾಳೆ ಕಂತೆಕಂತೆಯಾಗಿ ಕೈಗೆ ಬರುತ್ತದೆ; ಪಿನ್ನು ಹೊಡೆದದ್ದಾದರೆ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಸುರುಳಿ ತಂತಿಯದು ಬೇಡವೇ ಬೇಡ, ಪುಟ ಹರಿದು ತೆಗೆದದ್ದು ಗೊತ್ತೇ ಆಗುವುದಿಲ್ಲ. ಪುಟಸಂಖ್ಯೆ ಅಚ್ಚಾಗಿರದಿದ್ದರೆ ಮೊದಲ ದಿನವೇ ಕೈಯಲ್ಲಿ ಹಾಕಿಬಿಡಿ. ಬರೆಯಲು ಬಾಲ್ ಪೆನ್ನೇ ಇರಲಿ. ಜೆಲ್ ಪೆನ್ನಿನ ಶಾಯಿ ಜುಲೈ ತಿಂಗಳ ಒದ್ದೆ ಬೆರಳು ತಾಗಿದರೂ ಹರಡುತ್ತದೆ.

ಪ್ಲಾಸ್ಟಿಕ್ ಹೊದಿಕೆ ಹಾಕಿಸುವ ಅಭ್ಯಾಸ ಘಟ್ಟದ ಮೇಲೆ ತಿರುಗಿ ಬೀಳುತ್ತದೆ. ಒಳಗೆ ಸೇರಿದ ತೇವ ಹೊರಗೆ ಹೋಗದೆ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಖಾಕಿ ಕಾಗದ ಸಾಕು. ಪುಸ್ತಕವನ್ನು ಚಿರೇಕಲ್ಲಿನ ಗೋಡೆಗೆ ತಾಗಿಸಿಡದೆ, ಒಂದು ಗೇಣು ಬಿಟ್ಟು ಮರದ ಹಲಗೆಯ ಮೇಲಿಡಿ.

ಇನ್ನು ಒಳಗೇನು ಬರೆಯುವುದು. ಹೆಚ್ಚಿನವರು ನಿಯಮ ಬರೆದು ಕಾರಣ ಬಿಡುತ್ತಾರೆ. ‘ಹೊಸ ಚಾಲಿಯನ್ನು ಹಳೆಯದರ ಜೊತೆ ಸೇರಿಸಬಾರದು’ ಎಂದಷ್ಟೇ ಇದ್ದರೆ ಜಾಗ ಸಾಲದ ದಿನ ಹೊಸಬರು ಸೇರಿಸಿಯೇ ಸೇರಿಸುತ್ತಾರೆ. ‘ಹೊಸದರ ತೇವ ಹಳೆಯದಕ್ಕೆ ಹತ್ತಿ ಮುಗ್ಗಲು ವಾಸನೆ ಬರುತ್ತದೆ, ಖರೀದಿದಾರರು ಇಡೀ ಲಾಟಿಗೆ ದರ ಇಳಿಸುತ್ತಾರೆ’ ಎಂದು ಪಕ್ಕದಲ್ಲಿದ್ದರೆ ಅವರೇ ಬೇರೆ ಜಾಗ ಹುಡುಕುತ್ತಾರೆ. ಇದಕ್ಕಾಗಿ ಪುಟದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ: ಎಡಕ್ಕೆ ಮಾಡುವ ಕೆಲಸ, ಬಲಕ್ಕೆ ಮಾಡದಿದ್ದರೆ ಆಗುವ ನಷ್ಟ. ಬಲಭಾಗ ಖಾಲಿ ಉಳಿದ ಸಾಲುಗಳನ್ನು ಒಂದು ವಾರ ಬಿಟ್ಟು ಮತ್ತೆ ಓದಿ. ಎಷ್ಟೋ ಸಲ ಅವು ನಿಯಮವೇ ಅಲ್ಲ, ಹಿಂದಿನ ಸಾಹೇಬರೊಬ್ಬರ ಹಟ ಅಷ್ಟೇ. ಹೊಡೆದು ಹಾಕಬಹುದು.

ತೂಕದ ಯಂತ್ರಕ್ಕೆ ಒಂದು ಪೂರ್ತಿ ಪುಟ ಕೊಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು. ಮುಗಿಯುವ ತಾರೀಕು ಕೆಂಪು ಶಾಯಿಯಲ್ಲಿರಲಿ. ದಿನಾ ಬೆಳಿಗ್ಗೆ 20 ಕೆಜಿಯ ಕಲ್ಲನ್ನು ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ಇಟ್ಟು ನೋಡುವ ಕ್ರಮವನ್ನೂ ಬರೆಯಿರಿ. ಮೂಲೆಯಲ್ಲಿ ವ್ಯತ್ಯಾಸ ಬಂದರೆ ತಟ್ಟೆಯಡಿ ಸಿಪ್ಪೆಯೋ ಅಡಿಕೆ ಚೂರೋ ಸಿಕ್ಕಿರುತ್ತದೆ, ಇಲ್ಲವೇ ಕಾಲು ಮಟ್ಟದಲ್ಲಿರುವುದಿಲ್ಲ. ಆಮೇಲೂ ಸರಿಯಾಗದಿದ್ದರೆ ತೂಕ ನಿಲ್ಲಿಸಬೇಕು. ನಿಲ್ಲಿಸುವ ಅಧಿಕಾರ ಯಾರಿಗೆ ಎನ್ನುವುದೂ ಅದೇ ಪುಟದಲ್ಲಿರಲಿ. ಹಿರಿಯರು ಹೋದ ಮೇಲೆ ಅಂಗಳ ತಡವರಿಸುವುದು ಬಹುಮಟ್ಟಿಗೆ ಇಲ್ಲೇ: ಕೆಲಸ ಎಲ್ಲರಿಗೂ ಗೊತ್ತು, ನಿಲ್ಲಿಸಿ ಎನ್ನುವ ಬಾಯಿ ಯಾರದೆಂದು ಯಾರಿಗೂ ಗೊತ್ತಿಲ್ಲ.

ತಕರಾರಿನ ಪುಟಗಳು ಈ ಪುಸ್ತಕದ ಜೀವ. ತನ್ನ ಚಾಲಿಯನ್ನು ಕಡಿಮೆ ದರ್ಜೆಯ ಬಿಳೆಗೋಟಿಗೋ ಕೋಕಾಕ್ಕೋ ಹಾಕಿದ್ದೀರಿ ಎಂದು ಬೆಳೆಗಾರರು ಬಂದು ನಿಂತಾಗ ಅನುಭವಸ್ಥರು ಒಂದು ಮುಷ್ಟಿ ತೆಗೆದು ನೋಡಿ ಹೇಳಿಬಿಡುತ್ತಾರೆ. ಅವರ ಮಾತು ನಡೆಯುತ್ತದೆ. ಅವರ ಜಾಗಕ್ಕೆ ಬಂದವರ ಮಾತು ನಡೆಯುವುದಿಲ್ಲ. ಅವರಿಗೆ ಬೇಕಾದ್ದು ವಿಧಾನ. ರಾಶಿಯ ಮೇಲಿಂದ, ನಡುವಿನಿಂದ, ಬುಡದಿಂದ ಅಡಿಕೆ ತೆಗೆದು ಕಲಸಿ, 100 ಎಣಿಸಿ, ಬೆಳೆಗಾರರ ಎದುರಲ್ಲೇ ಒಡಕು, ಹುಳ ಹೊಡೆದದ್ದು, ಬಣ್ಣ ಕೆಟ್ಟದ್ದನ್ನು ಬೇರೆ ಮಾಡಿ ಸಂಖ್ಯೆ ಬರೆಯುವುದು. ಮೇಲಿನ ಪದರವನ್ನಷ್ಟೇ ತೆಗೆದರೆ ಲೆಕ್ಕ ದಾರಿ ತಪ್ಪುತ್ತದೆ, ಚೀಲ ಸುರಿದಾಗ ಚೂರು, ಪುಡಿ ಕೆಳಗಿಳಿದಿರುತ್ತವೆ. ಆರಿಸುವ ಹೆಂಗಸರನ್ನೂ ಆಗ ಕರೆಯಿರಿ. ದಿನವಿಡೀ ಅಡಿಕೆ ಅವರ ಕೈಯಲ್ಲೇ ಆಡುತ್ತದೆ. ಅವರಿಗೆ ತಿಳಿಸದೆ ತೀರ್ಮಾನ ಬದಲಿಸಿದರೆ ಮರುದಿನ ಆರಿಸುವ ಅಳತೆಯೇ ಬದಲಾಗುತ್ತದೆ. ಟೆಂಡರ್ ದರ ಒಪ್ಪದೆ ಬೆಳೆಗಾರರು ಲಾಟು ಉಳಿಸಿಕೊಂಡರೆ ಅದನ್ನು ಎಲ್ಲಿಡುವುದು, ಮರುದಿನ ಯಾರು ವಿಚಾರಿಸುವುದು ಎನ್ನುವುದಕ್ಕೂ ನಾಲ್ಕು ಸಾಲು ಬೇಕು.

ಬರೆಯಲೇಬಾರದ್ದು ಒಂದಿದೆ, ಜನರ ಗುಣಾವಗುಣ. ಹಮಾಲರಲ್ಲಿ ಇಂಥವರು ಸೋಮಾರಿ, ಇಂಥವರು ಜಗಳಗಂಟರು ಎಂದು ಬರೆದಿಟ್ಟು ಹೋದರೆ ಹೊಸಬರು ಆ ಕನ್ನಡಕ ಹಾಕಿಕೊಂಡೇ ಒಳಗೆ ಬರುತ್ತಾರೆ. ಪುಸ್ತಕ ಹೇಗೂ ಎಲ್ಲರ ಕೈಗೆ ಸಿಗುತ್ತದೆ. ಯಾರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಎಂಬುದಕ್ಕೆ ಎರಡು ಪುಟ ಸಾಕು.

ರಿಜಿಸ್ಟರು ಸೋಲುವ ಜಾಗವೂ ಇದೆ. ಚೆನ್ನಾಗಿ ಒಣಗಿದ ಚಾಲಿಯನ್ನು ಕೈಯಾಡಿಸಿದರೆ ಖಣಖಣ ಎನ್ನುತ್ತದೆ, ಹಸಿಯುಳಿದದ್ದರ ಸದ್ದು ಮಂದ. ಅಡಕತ್ತರಿಯಲ್ಲಿ ಸೀಳಿದಾಗ ಕಾಣುವ ಬಿಳಿ, ಕಂದು ಗೆರೆಗಳ ವ್ಯತ್ಯಾಸವನ್ನು ಶಬ್ದದಲ್ಲಿ ಹಿಡಿಯಲಾಗದು. 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದ ಶಿರಸಿ ಅಡಿಕೆಯ ಬಣ್ಣ, ರುಚಿಯ ಕತೆಯೂ ಇಷ್ಟೇ. ಸೀಳಿದ ಅಡಿಕೆಯನ್ನು ಪುಟಕ್ಕೆ ಅಂಟಿಸಿದರೆ ಪುಸ್ತಕ ಮುಚ್ಚದು, ಹುಳಕ್ಕೆ ಊಟ. ಅದರ ಬದಲು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಅಡಿಕೆಯ ಬಗೆಗಳ ಚೀಟಿ ಹಚ್ಚಿದ ಗಾಜಿನ ಡಬ್ಬಿಗಳನ್ನು ಸಾಲಾಗಿ ಇಡಿ. ಪ್ರತಿ ಹಂಗಾಮಿಗೆ ಮಾದರಿ ಬದಲಿಸಿ, ಹಳೆಯದು ಬಣ್ಣ ತಿರುಗಿ ತಪ್ಪು ಪಾಠ ಹೇಳುತ್ತದೆ.

ಮೊಬೈಲಿನ ಹಾಳೆಯೇ ಮೇಲಲ್ಲವೇ ಎನ್ನುವವರಿದ್ದಾರೆ. ಹುಡುಕಲು ಸಲೀಸು, ಒಪ್ಪಬೇಕು. ಧೂಳು ಮೆತ್ತಿದ ಕೈಯಲ್ಲಿ, ಕರೆಂಟು ಹೋದ ಮಧ್ಯಾಹ್ನ ರಿಜಿಸ್ಟರೇ ಬೇಗ ತೆರೆಯುತ್ತದೆ. ತಿಂಗಳಿಗೊಮ್ಮೆ ಪುಟಗಳ ಫೋಟೊ ತೆಗೆದಿಟ್ಟರೆ ಎರಡರ ಲಾಭವೂ ಸಿಗುತ್ತದೆ.

ಬರೆಯಲು ಮೂರು ತಿಂಗಳು ಬೇಕು, ಅದೂ ಚಾಲಿಯ ಭರಾಟೆ ಇರುವಾಗ. ಮಳೆಗಾಲದ ಬಿಡುವಿನಲ್ಲಿ ಬರೆದದ್ದರಲ್ಲಿ ಗಡಿಬಿಡಿಯ ದಿನದ ಒಂದು ಸಮಸ್ಯೆಯೂ ಇರುವುದಿಲ್ಲ. ಮೊದಲ ತಿಂಗಳು ಹಿರಿಯರು ಕೆಲಸ ಮಾಡಲಿ, ಹೊಸಬರು ಬರೆಯಲಿ. ಬರೆದವರಿಗೆ ಅರ್ಥವಾಗದ್ದು ಆಗಲೇ ಹೊರಬರುತ್ತದೆ. ಎರಡನೆಯ ತಿಂಗಳು ಹೊಸಬರು ಮಾಡಲಿ, ಹಿರಿಯರು ಬಲಭಾಗ ತುಂಬಲಿ. ಮೂರನೆಯ ತಿಂಗಳು ಹಿರಿಯರು ಅಂಗಳಕ್ಕೆ ಇಳಿಯಲೇಬಾರದು, ಕೇಳಿದ್ದಕ್ಕೆ ಸಂಜೆ ಉತ್ತರ ಕೊಟ್ಟರಾಯಿತು. ಅತಿ ಕಷ್ಟದ ತಿಂಗಳು ಇದೇ, ಕಷ್ಟ ಹಿರಿಯರಿಗೆ.

ಕೊನೆಗೆ ಒಂದು ಸಣ್ಣ ಮಾತು: ರಿಜಿಸ್ಟರಿನ ಬಿಲ್ಲನ್ನು ಸಂಸ್ಥೆಯ ಹೆಸರಿಗೇ ಮಾಡಿಸಿ. ಸ್ವಂತ ದುಡ್ಡಿನಲ್ಲಿ ತಂದದ್ದು ಬೀಳ್ಕೊಡುಗೆಯ ಶಾಲು, ಹಾರದ ಜೊತೆ ಮನೆಗೆ ಹೋಗಿಬಿಡುತ್ತದೆ.