ಕರ್ಟ್ ಕೋಬೇನ್ ಸಹಿಯ ಚೆಕ್: ಸರಕು ಒಳ್ಳೆಯದು, ಪ್ಯಾಕಿಂಗ್ ಕಳಪೆ

ಅಮೆರಿಕದ ರಾಕ್ ತಂಡ ‘ನಿರ್ವಾಣ’ದ ಗಾಯಕ ಕರ್ಟ್ ಕೋಬೇನ್ ಸಹಿ ಮಾಡಿದ ಹಳೆಯ ಚೆಕ್ ಒಂದನ್ನು ಅಮೆರಿಕದ ಒಬ್ಬ ವ್ಯಾಪಾರಿಯಿಂದ ತರಿಸಿಕೊಂಡೆ. ಪೋಸ್ಟರ್ ಮೇಲಿನ ಆಟೋಗ್ರಾಫ್‌ಗಿಂತ ಇದನ್ನೇ ಜಾಸ್ತಿ ನಂಬುತ್ತೇನೆ. ತಾರೀಖು ಇದೆ, ಬ್ಯಾಂಕಿನ ಮುದ್ರೆ ಇದೆ. ಅವನಿಗೆ ಹೆಸರು ತಂದ ಆಲ್ಬಮ್ ‘ನೆವರ್‌ಮೈಂಡ್’ ಬಂದಿದ್ದು 1991ರ ಸೆಪ್ಟೆಂಬರ್‌ನಲ್ಲಿ. 1994ರ ಏಪ್ರಿಲ್‌ನಲ್ಲಿ ಅವನೇ ಇಲ್ಲ, ಬರೀ 27 ವಯಸ್ಸು. ಹೆಸರು ಬಂದ ಮೇಲೆ ಸಹಿ ಹಾಕಲು ಸಿಕ್ಕ ಕಾಲವೇ ಅಷ್ಟು. ನಕಲಿಗಳು ಹುಟ್ಟುವುದು ಇಂಥ ಕಡೆಯೇ ಅಲ್ವಾ?

ವ್ಯಾಪಾರಿ ಮೊದಲೇ ಎರಡೂ ಬದಿಯ ಸ್ಕ್ಯಾನ್ ಕಳಿಸಿದ್ದರು. ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿದರು. ಆದರೆ ಚೆಕ್ ಬಂದಿದ್ದು ಪಿವಿಸಿ ಎಂಬ ಪ್ಲಾಸ್ಟಿಕ್ ಕವರ್‌ನಲ್ಲಿ. ಕಾಲ ಕಳೆದಂತೆ ಅದು ಕಾಗದವನ್ನೂ ಶಾಯಿಯನ್ನೂ ಹಾಳು ಮಾಡುತ್ತದೆ. ತಕ್ಷಣ ಕಾಗದಕ್ಕೆ ಹಾನಿ ಮಾಡದ ಪಾಲಿಯೆಸ್ಟರ್ ಪ್ಲಾಸ್ಟಿಕ್ ಕವರ್‌ಗೆ ಹಾಕಿದೆ.

ಇನ್ನೊಂದು ಮಾತು. ಅವರ ಪಟ್ಟಿಯಲ್ಲಿ ಬೇರೆ ಕಲಾವಿದರ ಚಿಕಿತ್ಸೆಯ ಕಾಗದಗಳೂ ಇದ್ದವು. ನೋವನ್ನು ಹಾಗೆ ಮಾರುವುದು ನನಗೆ ಹಿಡಿಸಲಿಲ್ಲ, ಅದನ್ನು ಅವರಿಗೇ ಬರೆದು ತಿಳಿಸಿದ್ದೇನೆ.